ಡ್ರಾವರಿಗೆ ಬೀಗ, ಚೀಟಿಗೆ ನಂಬರು: ಸಣ್ಣ ಅಂಗಡಿ ನಡೆಸುವವರಿಗೆ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ನಮ್ಮದೊಂದು ಅಂಗಡಿ ಇದೆ. ಅಡಿಕೆ, ಕಾಳುಮೆಣಸು ಕೊಳ್ಳುತ್ತೇವೆ. ಮಾವ ಶುರು ಮಾಡಿದ್ದು. ಯಜಮಾನರು ತೀರಿಕೊಂಡ ಮೇಲೆ ಹದಿನಾರು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ತೂಕಕ್ಕೆ ಒಬ್ಬ, ಲೆಕ್ಕಕ್ಕೆ ಒಬ್ಬ ರೈಟರು, ಲೋಡಿಂಗಿಗೆ ಮೂವರು, ಗಾರ್ಬಲಿಗೆ, ಅಂದರೆ ಅಡಿಕೆ ಆರಿಸಿ ಬೇರೆ ಮಾಡಲು, ನಾಲ್ವರು ಹೆಂಗಸರು. ಇಷ್ಟೇ ನಮ್ಮ ಸಂಸಾರ.

ಈ ಹದಿನಾರು ವರ್ಷದಲ್ಲಿ ನಮ್ಮಲ್ಲಿ ಎರಡು ಕಳ್ಳತನ ಆಗಿದೆ. ಒಂದರಲ್ಲಿ ದುಡ್ಡು ಹೋಯಿತು. ಇನ್ನೊಂದರಲ್ಲಿ ಲೋಡಿಂಗಿನವನೊಬ್ಬನ ಹೆಸರೇ ಕಳುವಾಯಿತು. ಎರಡಕ್ಕೂ ದಾರಿ ಮಾಡಿಕೊಟ್ಟವಳು ನಾನೇ. ಕೊಂಡ ಮಾಲಿನ ತೂಕ, ದುಡ್ಡು ಬರೆಯುವ ಚೀಟಿ ಪುಸ್ತಕವನ್ನು ನಮ್ಮಲ್ಲಿ ಯಾರೂ ಎಣಿಸುತ್ತಿರಲಿಲ್ಲ. ಕಾಗದ ಇಡುವ ಡ್ರಾವರನ್ನು ಯಾರು ಬೇಕಾದರೂ ತೆಗೆಯಬಹುದಿತ್ತು.

ಮುಳ್ಳೇರಿಯದಲ್ಲಿ ಅಂಗಡಿ ಹಾಕಲು ಹೊರಟಿರುವ ತಮ್ಮನ ಮಗ ಮೊನ್ನೆ ಬಂದು ಕೇಳಿದ, "ಅತ್ತೆ, ಸಿಸಿಟಿವಿ ಎಷ್ಟು ಹಾಕಿಸಬೇಕು?" ಕ್ಯಾಮೆರಾದ ಮಾತು ಆಮೇಲೆ, ಮೊದಲು ಕೂತು ಕೇಳು ಅಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮದು ಅಡಿಕೆ ಅಂಗಡಿ ಅಲ್ಲದೆ ಜಿನಸಿನದ್ದೋ ಬಟ್ಟೆಯದ್ದೋ ಆದರೂ ಹೆಚ್ಚಿನದು ಹೊಂದುತ್ತದೆ.

ತೂಕ, ಚೀಟಿ, ದುಡ್ಡು

ಅಡಿಕೆ ವ್ಯಾಪಾರದಲ್ಲಿ ಕಳ್ಳತನ ಅಡಗಲು ಒಂದು ಒಳ್ಳೆಯ ಜಾಗ ಇದೆ. ಅದರ ಹೆಸರು ಒಣಗು. ಇವತ್ತು ಕೊಂಡ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಎರಡು ತಿಂಗಳು ಗೋಣಿಯಲ್ಲಿದ್ದರೆ ತೂಕ ಇಳಿಯುವುದು ಸಹಜ. ಕಸ, ಪಟೋರ, ಕರಿಗೋಟಿನಂಥ ಕಳಪೆ ಅಡಿಕೆ ಬೇರೆ ಮಾಡಿದಾಗಲೂ ಇಳಿಯುತ್ತದೆ. ಹಾಗಾಗಿ ಪುಸ್ತಕದಲ್ಲಿ ಇದ್ದಷ್ಟು ಗೋದಾಮಿನಲ್ಲಿ ಇಲ್ಲದಿದ್ದರೆ "ಒಣಗಿ ಹೋಯ್ತು" ಎಂಬ ಉತ್ತರ ರೆಡಿ ಇರುತ್ತದೆ. ನಾನು ಎರಡು ವರ್ಷ ಆ ಉತ್ತರ ನಂಬಿದೆ.

ಆಗುತ್ತಿದ್ದದ್ದು ಇಷ್ಟು. ಆಗಿನ ರೈಟರು ನಮ್ಮಲ್ಲಿ ಹನ್ನೊಂದು ವರ್ಷದಿಂದ ಇದ್ದವರು. ತೂಕ ಬರೆಯುವುದೂ ಅವರೇ, ದುಡ್ಡು ಕೊಡುವುದೂ ಅವರೇ. ಆಗಾಗ, ಅಂದು ಅಂಗಡಿಗೆ ಬಾರದೇ ಇದ್ದ ಕೃಷಿಕರ ಹೆಸರಿನಲ್ಲಿ ಚೀಟಿ ಬರೆಯುತ್ತಿದ್ದರು. ಮೂವತ್ತು ಕಿಲೋ, ನಲವತ್ತು ಕಿಲೋ, ಕಣ್ಣಿಗೆ ಬೀಳದಷ್ಟು. ಅಡಿಕೆ ಬರಲಿಲ್ಲ, ದುಡ್ಡು ಹೋಯಿತು. ವರ್ಷದ ಕೊನೆಗೆ ಕಡಿಮೆ ಬಿದ್ದ ತೂಕವೆಲ್ಲ ಒಣಗಿನ ಲೆಕ್ಕಕ್ಕೆ. ಕೃಷಿಕರು ತಮ್ಮ ಬೆಳೆ ತಂದರೆ ನಗದು ಕೊಡಲು ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ. ಹಾಗಾಗಿ ನಮ್ಮ ಮೇಜಿನಲ್ಲಿ ಯಾವಾಗಲೂ ನಗದು ಜಾಸ್ತಿ. ಅದೂ ಅವರಿಗೆ ಅನುಕೂಲವೇ ಆಯಿತು.

ಗೊತ್ತಾದದ್ದು ಹೇಗೆ? ಅವರಿಗೆ ಕಾಮಾಲೆ ಬಂತು. ಮೂರು ವಾರ ಮನೆಯಲ್ಲಿ ಮಲಗಿದರು. ಆ ಮೂರು ವಾರ ನಾನು ಮತ್ತು ನನ್ನ ಮಗಳು ಚೀಟಿ ಬರೆದೆವು. ಆಗ ಬಂದ ಅಡಿಕೆಯ ಲಾಟನ್ನು ಬೇರೆ ಇಟ್ಟು, ಎರಡು ತಿಂಗಳ ನಂತರ ತೂಗಿದರೆ ಒಣಗು ಯಾವಾಗಿನದ್ದರ ಅರ್ಧಕ್ಕೂ ಕಡಿಮೆ. ಅಡಿಕೆಗೆ ನಮ್ಮನ್ನು ಕಂಡರೆ ಅಷ್ಟು ಪ್ರೀತಿಯಾ ಎಂದು ಮಗಳು ಕೇಳಿದಳು. ಅಂದು ರಾತ್ರಿ ನಾನು ಹಳೆಯ ಚೀಟಿಗಳನ್ನು ಹರಡಿ ಕೂತೆ. ಮಾರನೆ ದಿನ ಕೆಲವು ಕೃಷಿಕರಿಗೆ ಫೋನ್ ಮಾಡಿದೆ. ಏತಡ್ಕದ ಒಬ್ಬರು ಹೇಳಿದರು, "ಆ ತಿಂಗಳು ನಾನು ಮಗನ ಮನೆಯಲ್ಲಿ ಬೆಂಗಳೂರಲ್ಲಿದ್ದೆ ಅಲ್ವಾ ಅಕ್ಕ, ಅಡಿಕೆ ತರುದು ಹೇಗೆ?" ಕೂಡಿಸಿದಾಗ ಎರಡು ಲಕ್ಷ ಅರವತ್ತು ಸಾವಿರ ಆಯಿತು.

ಅದರ ನಂತರ ನಾವು ಮಾಡಿಕೊಂಡ ವ್ಯವಸ್ಥೆ ಹೇಳುತ್ತೇನೆ. ತೂಗುವವನು ಒಬ್ಬ, ಚೀಟಿ ಬರೆಯುವವರು ಇನ್ನೊಬ್ಬರು, ದುಡ್ಡು ಎಣಿಸಿ ಕೊಡುವುದು ನಾನು ಅಥವಾ ಮಗಳು. ಮೂರು ಕೆಲಸ ಒಂದೇ ಕೈಯಲ್ಲಿ ಇರಬಾರದು. ಜನ ಕಡಿಮೆ ಎಂದರೆ ಕನಿಷ್ಠ ದುಡ್ಡನ್ನಾದರೂ ಬೇರೆ ಕೈಗೆ ಕೊಡಿ. ಚೀಟಿ ಪುಸ್ತಕವನ್ನು ಪ್ರೆಸ್ಸಿನಲ್ಲಿ ನಂಬರು ಹಾಕಿಸಿ ಮಾಡಿಸಿ. ಒಂದು ಹಾಳೆಗೆ ಎರಡು ಕಾರ್ಬನ್ ಪ್ರತಿ ಇರಲಿ. ಮೇಲಿನದು ಕೃಷಿಕರಿಗೆ, ನಡುವಿನದು ದುಡ್ಡಿನ ಮೇಜಿಗೆ, ಕೊನೆಯದು ಪುಸ್ತಕದಲ್ಲೇ. ತಪ್ಪಾದ ಚೀಟಿಯನ್ನು ಹರಿದು ಬಿಸಾಡುವಂತಿಲ್ಲ. ಅಡ್ಡಗೆರೆ ಎಳೆದು ಮೂರೂ ಪ್ರತಿಯನ್ನು ಅಲ್ಲೇ ಪಿನ್ ಮಾಡಬೇಕು. ಸಂಜೆ ನಂಬರು ಎಣಿಸುವಾಗ ಒಂದು ಕಾಣೆಯಾಗಿದ್ದರೂ ಅವತ್ತೇ ಕೇಳಬೇಕು, ನಾಳೆಗೆ ಬಿಡಬಾರದು.

ಇನ್ನೊಂದು, ಇದು ನನಗೆ ಬಹಳ ಇಷ್ಟವಾದ ಕ್ರಮ. ದಿನಾ ಸಂಜೆ ಅಂದಿನ ಚೀಟಿಗಳಲ್ಲಿ ಕಣ್ಣು ಮುಚ್ಚಿ ಎರಡನ್ನು ಎತ್ತುತ್ತೇನೆ. ಆ ಇಬ್ಬರಿಗೆ ಫೋನ್ ಮಾಡುತ್ತೇನೆ. "ಅಣ್ಣ, ಇವತ್ತು ಎಷ್ಟು ಕಿಲೋ ಆಯ್ತು ನಿಮ್ಮದು? ದುಡ್ಡು ಸರಿ ಇತ್ತಾ?" ಹತ್ತು ನಿಮಿಷದ ಕೆಲಸ. ತೂಕ ತಾಳೆ ಆಗುತ್ತದೆ. ತೋಟಕ್ಕೆ ಮದ್ದು ಬಿಟ್ಟಾಯಿತಾ, ಮಳೆ ಹೇಗೆ ಎಂದು ನಾಲ್ಕು ಮಾತೂ ಆಗುತ್ತದೆ. ನಾನು ಫೋನ್ ಮಾಡುತ್ತೇನೆ ಎಂಬುದು ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು. ಕದ್ದು ಮಾಡುವುದಿಲ್ಲ.

ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸುವುದು ಹೇಗೂ ಕಾನೂನು. ಅದರ ಜೊತೆ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ 20 ಕಿಲೋದ ತೂಕದ ಬೊಟ್ಟು ಇಟ್ಟು ನೋಡಿ. ಗೋದಾಮಿನ ತೂಕವನ್ನು ವರ್ಷಕ್ಕೊಮ್ಮೆ ನೋಡಿದರೆ ಸಾಲದು. ಪ್ರತಿ ಲಾಟಿಗೂ ಬಂದ ತೂಕ, ಹೋದ ತೂಕ, ಇಳಿದ ತೂಕ ಬರೆಯಿರಿ. ಒಂದೆರಡು ಹಂಗಾಮು ಬರೆದರೆ ನಿಮ್ಮ ಗೋದಾಮಿನಲ್ಲಿ ಎಷ್ಟು ಇಳಿಯುವುದು ವಾಡಿಕೆ ಎಂದು ನಿಮಗೇ ಗೊತ್ತಾಗುತ್ತದೆ. ಅದಕ್ಕಿಂತ ಜಾಸ್ತಿ ಇಳಿದರೆ ಕೇಳಿ.

ರಜೆಯ ವಿಷಯ. ಆ ರೈಟರು ಹನ್ನೊಂದು ವರ್ಷದಲ್ಲಿ ಒಟ್ಟಿಗೆ ಎರಡು ದಿನ ರಜೆ ಹಾಕಿದವರಲ್ಲ. ಊರ ಜಾತ್ರೆಗೂ ಅರ್ಧ ದಿನ ಬಂದು ಹೋಗುತ್ತಿದ್ದರು. ಎಷ್ಟು ನಿಯತ್ತು ಎಂದು ನಾನು ಎಲ್ಲರೆದುರು ಹೊಗಳುತ್ತಿದ್ದೆ. ಬ್ಯಾಂಕುಗಳಲ್ಲಿ ಸೂಕ್ಷ್ಮ ಜಾಗದಲ್ಲಿರುವವರನ್ನು ವರ್ಷಕ್ಕೊಮ್ಮೆ ಕನಿಷ್ಠ 10 ಕೆಲಸದ ದಿನ ಒಟ್ಟಿಗೆ ರಜೆಯಲ್ಲಿ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಕಾರಣ ಇದೇ. ಆ ಮೇಜಿನಲ್ಲಿ ಬೇರೆಯವರು ಕೂತಾಗಲೇ ಲೆಕ್ಕ ಮಾತಾಡುತ್ತದೆ. ಈಗ ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ, ವ್ಯಾಪಾರ ಕಡಿಮೆ ಇರುವಾಗ, ರೈಟರಿಗೆ ಸಂಬಳ ಸಮೇತ ಹತ್ತು ದಿನ ರಜೆ. ಬೇಡ ಅಂದರೂ ಹೋಗಬೇಕು.

ಚಿಕ್ಕ ಅಂಗಡಿಯವರು ಕ್ಯೂಆರ್ ಕೋಡ್ ಮೇಲೆ ಕಣ್ಣಿಡಿ. ಅಂಗಡಿಯ ಸ್ಟಿಕ್ಕರಿನ ಮೇಲೆ ಯಾರಾದರೂ ತಮ್ಮದನ್ನು ಅಂಟಿಸಿದರೆ ಗಿರಾಕಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ನೀವೇ ಒಂದು ರೂಪಾಯಿ ಹಾಕಿ, ಯಾರ ಹೆಸರು ಬರುತ್ತದೆ ನೋಡಿ. ಹಣ ಬಂದಾಗ ಕೂಗಿ ಹೇಳುವ ಡಬ್ಬಿ ಇದ್ದರೆ ಇನ್ನೂ ಒಳ್ಳೆಯದು. ಸಹಿ ಹಾಕಿದ ಖಾಲಿ ಚೆಕ್ ಯಾರ ಹತ್ತಿರವೂ ಬಿಡಬೇಡಿ. ಕಂಪ್ಯೂಟರಿನ ಲೆಕ್ಕದಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ ಪಾಸ್‌ವರ್ಡ್ ಕೊಡಿ. ಯಾರು ಯಾವಾಗ ಏನು ತಿದ್ದಿದರು ಎಂಬುದು ಉಳಿಯುವಂತೆ ಇಡಿ.

ಈಗ ಕ್ಯಾಮೆರಾ. ತಕ್ಕಡಿಯ ಮೇಲೆ ಒಂದು, ದುಡ್ಡಿನ ಮೇಜಿನ ಮೇಲೆ ಒಂದು, ಗೋದಾಮಿನ ಬಾಗಿಲಿಗೆ ಒಂದು. ಸಾಕು. ಹೆಂಗಸರು ಬಟ್ಟೆ ಬದಲಿಸುವ, ಊಟ ಮಾಡುವ ಜಾಗದ ಕಡೆ ತಿರುಗಿಸಬೇಡಿ. ಕ್ಯಾಮೆರಾದಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತಾ ಹೋಗುತ್ತದೆ. ಚೀಟಿಯ ತಕರಾರು ನೋಡಲು ಬಹಳ ದಿನ ತಡ ಮಾಡಿದರೆ ಆಮೇಲೆ ನೋಡಲು ಏನೂ ಇರುವುದಿಲ್ಲ.

ಲೆಕ್ಕ ಇಲ್ಲದಿದ್ದಾಗ ನಾನು ಮಾಡಿದ್ದು

ಈ ಭಾಗ ಬರೆಯಲು ನನಗೆ ಕಷ್ಟ. ಆದರೂ ಬರೆಯುತ್ತೇನೆ. ರೈಟರ ವಿಷಯ ಗೊತ್ತಾಗುವ ಐದು ತಿಂಗಳ ಮೊದಲು, ಅಡಿಕೆ ಕಡಿಮೆ ಬೀಳುತ್ತಿರುವುದು ನನ್ನ ಗಮನಕ್ಕೆ ಬಂದಿತ್ತು. ನನ್ನ ಸಂಶಯ ಹೋದದ್ದು ಗಾರ್ಬಲಿನ ಹೆಂಗಸೊಬ್ಬಳ ಮೇಲೆ. ಅವಳು ದೊಡ್ಡ ಚೀಲ ತರುತ್ತಿದ್ದಳು, ಬಡವಳು. ಕಾರಣ ಇಷ್ಟೇ. ಒಂದು ಸಂಜೆ ಎಲ್ಲರೆದುರು ಅವಳ ಚೀಲ ಬಿಚ್ಚಿಸಿದೆ. ಒಳಗೆ ಬುತ್ತಿ ಪಾತ್ರೆ, ಮಗುವಿನ ಒಂದು ಅಂಗಿ, ಹೊಲಿಯಲು ತಂದ ನೂಲು. ಅವಳು ಒಂದು ಮಾತೂ ಆಡಲಿಲ್ಲ. ಚೀಲ ಕಟ್ಟಿಕೊಂಡು ಹೋದಳು. ಮಾರನೆ ದಿನ ಬರಲಿಲ್ಲ.

ಲೆಕ್ಕ ಗಟ್ಟಿ ಇದ್ದಿದ್ದರೆ ನನಗೆ ಯಾರ ಮುಖ ನೋಡಿಯೂ ಸಂಶಯ ಪಡುವ ಅಗತ್ಯ ಬರುತ್ತಿರಲಿಲ್ಲ. ಚೀಟಿಗೆ ನಂಬರು ಹಾಕಿದರೆ ಕೆಲಸದವರ ಮೇಲೆ ನಂಬಿಕೆ ಇಲ್ಲ ಎಂದಾಗುತ್ತದೆ ಎಂದು ಬಹಳ ಮಂದಿ ಹಿಂಜರಿಯುತ್ತಾರೆ. ನನ್ನ ಅನುಭವ ಬೇರೆ. ತೂಕದ ಹುಡುಗನೇ ಹೇಳಿದ, "ಈಗ ನಂಗೆ ನಿದ್ದೆ ಬರ್ತದೆ ಅಕ್ಕ, ಕಡಿಮೆ ಬಿದ್ರೆ ನನ್ನನ್ನು ಯಾರೂ ಕೇಳುದಿಲ್ಲ."

ಆದ್ದರಿಂದ ಸಂಶಯ ಬಂದಾಗ ಮಾಡಬಾರದ್ದು ಮೊದಲು ಹೇಳುತ್ತೇನೆ. ಯಾರ ಚೀಲವನ್ನೂ ಜನರ ಮುಂದೆ ಬಿಚ್ಚಿಸಬೇಡಿ. ಕೋಣೆಯಲ್ಲಿ ಕೂಡಿಹಾಕಬೇಡಿ, ಕೈ ಎತ್ತಬೇಡಿ. ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ದುಡಿದ ದಿನದ ಸಂಬಳ ಹಿಡಿಯಬೇಡಿ. ಕಾಗದ ಒಟ್ಟು ಮಾಡಿ, ಪ್ರತಿ ತೆಗೆದು ಬೇರೆ ಜಾಗದಲ್ಲಿಡಿ. ಇನ್ನೊಬ್ಬ ಹಿರಿಯರನ್ನು ಜೊತೆಯಲ್ಲಿ ಕೂರಿಸಿಕೊಂಡು, ಬಾಗಿಲು ಮುಚ್ಚಿ, ಚೀಟಿ ಮುಂದಿಟ್ಟು ಕೇಳಿ. ಅವರಿಗೆ ಹೇಳಲು ಏನಾದರೂ ಇರಬಹುದು. ಪೊಲೀಸರಿಗೆ ಹೋಗುವುದಾದರೆ ಕಾನೂನು ಇದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೆಲಸದವರು ಧಣಿಯ ಸೊತ್ತು ಕದ್ದರೆ 306ನೇ ಸೆಕ್ಷನ್, ನಂಬಿ ಕೊಟ್ಟದ್ದನ್ನು ನುಂಗಿದರೆ 316ನೇ ಸೆಕ್ಷನ್. ಎರಡರಲ್ಲೂ ಏಳು ವರ್ಷದವರೆಗೆ ಶಿಕ್ಷೆ ಆಗಬಹುದು. ನಮ್ಮದು ಅದಕ್ಕೂ ಮೊದಲು ನಡೆದದ್ದು. ರೈಟರ ಅಣ್ಣ ಮಧ್ಯೆ ಬಂದು, ಒಂದು ಲಕ್ಷ ನಲವತ್ತು ಸಾವಿರ ವಾಪಸು ಬಂತು. ಉಳಿದದ್ದು ಬಿಟ್ಟೆ.

ಮಗಳ ನರ್ಸಿಂಗ್ ಫೀಸಿಗೆ ಸಾಲ ಮಾಡಿದ್ದರಂತೆ, ಬಡ್ಡಿ ಕುತ್ತಿಗೆಗೆ ಬಂದಿತ್ತಂತೆ. ನನ್ನ ಹತ್ತಿರ ಒಂದು ಮಾತು ಕೇಳಿದ್ದರೆ ಕೊಡುತ್ತಿದ್ದೆ. ಕೇಳಲು ನಾಚಿಕೆ ಆಯಿತು ಎಂದರು. ಈಗ ನಮ್ಮಲ್ಲಿ ಮುಂಗಡಕ್ಕೆ ಒಂದು ಕ್ರಮ ಇದೆ. ಎರಡು ತಿಂಗಳ ಸಂಬಳದಷ್ಟು, ಯಾಕೆಂದು ನಾನು ಕೇಳುವುದಿಲ್ಲ, ಹತ್ತು ಕಂತಿನಲ್ಲಿ ಮುರಿಯುತ್ತೇನೆ. ಕ್ಯಾಮೆರಾಕ್ಕಿಂತ ಇದು ಜಾಸ್ತಿ ಕೆಲಸ ಮಾಡಿದೆ ಎಂದು ನನ್ನ ನಂಬಿಕೆ.

ಹೆಸರು ಕದಿಯುವವರು

ಎರಡನೆಯ ಕಳ್ಳತನ. ನಮ್ಮ ಲೋಡಿಂಗಿನವನೊಬ್ಬನಿಗೆ ಒಂದು ದಿನ ಜಿಎಸ್‌ಟಿ ಕಚೇರಿಯಿಂದ ನೋಟೀಸು ಬಂತು. ಅವನ ಹೆಸರಿನಲ್ಲಿ ಬೇರೆ ರಾಜ್ಯದಲ್ಲಿ ಒಂದು ಕಂಪೆನಿ ಇದೆಯಂತೆ, ವ್ಯಾಪಾರ ಅಡಿಕೆಯದ್ದಂತೆ, ಲಕ್ಷಗಟ್ಟಲೆ ತೆರಿಗೆ ಬಾಕಿಯಂತೆ. ಅವನು ಗಡಿಯ ತಲಪಾಡಿ ದಾಟಿದ್ದೇ ಮಂಗಳೂರಿನ ಆಸ್ಪತ್ರೆಗೆ ಎಂದು. ಕಾಗದ ಹಿಡಿದುಕೊಂಡು ನನ್ನ ಮುಂದೆ ನಿಂತಾಗ ಕೈ ನಡುಗುತ್ತಿತ್ತು. ಆ ಕಂಪೆನಿಗೆ ಕೊಟ್ಟ ಆಧಾರ್ ಪ್ರತಿಯನ್ನು ನಂತರ ನೋಡಿದೆವು. ಮೂಲೆಯಲ್ಲಿ 14 ಎಂದು ಬರೆದಿತ್ತು. ನನ್ನ ಅಕ್ಷರ. ನಮ್ಮ ಫೈಲಿನ ನಂಬರು.

ಹಂಗಾಮಿಗೆಂದು ಎರಡು ತಿಂಗಳು ಕಂಪ್ಯೂಟರಿಗೆ ಕೂತ ಹುಡುಗನೊಬ್ಬ ಡ್ರಾವರಿನಲ್ಲಿದ್ದ ಕಾಗದಗಳ ಫೋಟೋ ತೆಗೆದುಕೊಂಡಿದ್ದ. ಅಷ್ಟೇ ಆಗಿದ್ದರೆ ಕೆಲಸ ಆಗುತ್ತಿರಲಿಲ್ಲವೋ ಏನೋ. ಒಂದು ದಿನ ನಮ್ಮ ಲೋಡಿಂಗಿನವನಿಗೆ "ಸಂಬಳ ಬ್ಯಾಂಕಿಗೆ ಹಾಕ್ಲಿಕ್ಕೆ ನಿನ್ನ ಫೋನಿಗೆ ಒಂದು ನಂಬರ್ ಬರ್ತದೆ, ಓದಿ ಹೇಳು" ಅಂದಿದ್ದ. ಇವನು ಹೇಳಿದ್ದ. ಮೆಸೇಜು ಇಂಗ್ಲಿಷಿನಲ್ಲಿತ್ತು, ಇವನು ಓದಿದ್ದು ನಮ್ಮೂರ ಕನ್ನಡ ಶಾಲೆಯಲ್ಲಿ ಐದನೆಯವರೆಗೆ. ಕಾಸರಗೋಡಿನಲ್ಲಿ ಇದು ನಮ್ಮವರಿಗೆ ದೊಡ್ಡ ತೊಡಕು. ಫಾರ್ಮು ಮಲಯಾಳದಲ್ಲಿ, ಮೆಸೇಜು ಇಂಗ್ಲಿಷಿನಲ್ಲಿ, ಓದಲು ಬರುವುದು ಕನ್ನಡ. ಯಾರೋ "ಇಲ್ಲಿ ಸಹಿ ಹಾಕು" ಅಂದರೆ ಹಾಕುತ್ತಾರೆ. ಆದ್ದರಿಂದ ನಿಮ್ಮಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು ಬಾಯಿಪಾಠ ಮಾಡಿಸಿ: ಫೋನಿಗೆ ಬರುವ ಒಟಿಪಿ ಧಣಿ ಕೇಳಿದರೂ ಹೇಳಬಾರದು. ನಾನೇ ಕೇಳಿದರೂ ಹೇಳಬೇಡ ಎಂದು ನಾನು ಒಬ್ಬೊಬ್ಬರನ್ನೂ ಕೂರಿಸಿ ಹೇಳಿದ್ದೇನೆ.

ಇನ್ನು ಕಾಗದದ ವಿಷಯ. ಮೊದಲನೆಯದಾಗಿ, ಬೇಡದ ಕಾಗದ ತೆಗೆದುಕೊಳ್ಳಬೇಡಿ. ಸಂಬಳ ಹಾಕಲು ಬ್ಯಾಂಕ್ ಖಾತೆ ನಂಬರು ಸಾಕಾಗುವಲ್ಲಿ ಪ್ಯಾನ್, ಆಧಾರ್, ರೇಷನ್ ಕಾರ್ಡ್ ಎಲ್ಲ ಯಾಕೆ? ಆಧಾರ್ ಬೇಕೇ ಬೇಕಾದರೆ ಮರೆಮಾಚಿದ ಆಧಾರ್ ಕೇಳಿ. ಮೈಆಧಾರ್ ಜಾಲತಾಣದಲ್ಲಿ ಡೌನ್‌ಲೋಡ್ ಮಾಡುವಾಗ ಆ ಆಯ್ಕೆ ಇರುತ್ತದೆ. 12 ಅಂಕಿಯಲ್ಲಿ ಮೊದಲ 8 ಕಾಣುವುದಿಲ್ಲ, ಕೊನೆಯ 4 ಮಾತ್ರ ಕಾಣುತ್ತದೆ. ಪ್ರತಿಯ ಮೇಲೆ ಅಡ್ಡಲಾಗಿ, ಫೋಟೋಕ್ಕೂ ತಾಗುವಂತೆ, "ಇಂಥ ಅಂಗಡಿಯ ಕೆಲಸಕ್ಕೆ ಮಾತ್ರ" ಎಂದು ತಾರೀಕು ಸಮೇತ ಅವರ ಕೈಯಿಂದಲೇ ಬರೆಸಿ. ಆ ಬರಹ ಇದ್ದ ಪ್ರತಿ ಇನ್ನೊಂದು ಕಡೆ ನಡೆಯುವುದು ಕಷ್ಟ.

ಅಸ್ಸಾಂ, ಬಂಗಾಳದಿಂದ ಬರುವ ಭಾಯಿಗಳ ಅಸಲು ಕಾರ್ಡನ್ನೇ ಇಟ್ಟುಕೊಳ್ಳುವ ಅಂಗಡಿಗಳು ಇವೆ, ಓಡಿಹೋಗಬಾರದು ಎಂದು. ದಯವಿಟ್ಟು ಹಾಗೆ ಮಾಡಬೇಡಿ. ಅದು ಅವರ ಸೊತ್ತು. ನೋಡಿ, ಪ್ರತಿ ತೆಗೆದು, ಅಲ್ಲೇ ವಾಪಸು ಕೊಡಿ.

ಪ್ರತಿಗಳು ಬೀಗ ಹಾಕಿದ ಕಬ್ಬಿಣದ ಕಪಾಟಿನಲ್ಲಿರಲಿ, ಕೀಲಿಕೈ ಒಬ್ಬರ ಹತ್ತಿರ ಮಾತ್ರ. ಯಾರ ಫೈಲು, ಯಾವಾಗ, ಯಾಕೆ ತೆಗೆದದ್ದು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ವಾಟ್ಸಾಪಿನಲ್ಲಿ ಬಂದ ಕಾರ್ಡಿನ ಫೋಟೋಗಳನ್ನು ಕೆಲಸ ಮುಗಿದ ಕೂಡಲೇ ಅಳಿಸಿ. ರೈಟರ ಫೋನಿನಿಂದಲೂ ಅಳಿಸಿ. ಪ್ರಿಂಟಿಗೆ ಹೊರಗೆ ಕೊಟ್ಟರೆ ಆ ಅಂಗಡಿಯ ಕಂಪ್ಯೂಟರಿನಿಂದ ಅಳಿಸಿದ್ದಾರೋ ಎಂದು ನಿಂತು ನೋಡಿ. ಹಾಳಾದ ಪ್ರತಿಗಳನ್ನು ರದ್ದಿಗೆ ಹಾಕಬೇಡಿ. ನಾನು ಒಮ್ಮೆ ಕುಂಬಳೆಯಲ್ಲಿ ಕಡಲೆ ತಿಂದು ಪೊಟ್ಟಣ ಬಿಚ್ಚಿ ನೋಡಿದರೆ ಯಾರದೋ ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಫೋಟೋ ಸಮೇತ. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಬಚ್ಚಲೊಲೆ ಇದೆ ಅಲ್ವಾ? ಅಡಿಕೆ ಸಿಪ್ಪೆಯ ಜೊತೆ ಅದಕ್ಕೆ ಹಾಕಿ.

ನಿಮ್ಮ ಹೆಸರೂ ಕೆಲಸದ ಜಾಗದಲ್ಲೇ ಕಳುವಾಗಬಹುದು. ಡಿಜಿಟಲ್ ಸಹಿಯ ಟೋಕನ್, ಪೆನ್ ಡ್ರೈವಿನ ಹಾಗೆ ಇರುವುದು, ಅದನ್ನು ಲೆಕ್ಕಿಗರ ಹತ್ತಿರ ಬಿಟ್ಟು ಮರೆಯಬೇಡಿ. ಅದು ನಿಮ್ಮ ಸಹಿಯೇ. ಕೆಲಸ ಬಿಟ್ಟವರಿಗೆ ಗೊತ್ತಿದ್ದ ಪಾಸ್‌ವರ್ಡನ್ನು ಅದೇ ದಿನ ಬದಲಿಸಿ.

ವರ್ಷಕ್ಕೊಮ್ಮೆ, ನಾವು ದೀಪಾವಳಿ ಲೆಕ್ಕದ ಪೂಜೆಯ ಮುಂಚಿನ ಭಾನುವಾರ ಇಟ್ಟುಕೊಂಡಿದ್ದೇವೆ, ಎಲ್ಲರನ್ನೂ ಕೂರಿಸಿ ಅವರವರ ಹೆಸರನ್ನು ನೋಡುತ್ತೇವೆ. ಸಂಚಾರ್ ಸಾಥಿ ಜಾಲತಾಣದಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇದೆ ಎಂದು ತೋರಿಸುತ್ತದೆ. ನಮ್ಮದಲ್ಲದ್ದು ಇದ್ದರೆ ಅಲ್ಲೇ ಹೇಳಬಹುದು. ಜಿಎಸ್‌ಟಿ ಜಾಲತಾಣದಲ್ಲಿ ಪ್ಯಾನ್ ನಂಬರು ಹಾಕಿ ಹುಡುಕಿದರೆ ಆ ಪ್ಯಾನಿನಲ್ಲಿ ಇರುವ ನೋಂದಣಿಗಳು ಬರುತ್ತವೆ. 15 ಅಕ್ಷರದ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು, ಕೇರಳಕ್ಕೆ 32, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ನಂಬರೇ. ಸಿಬಿಲ್‌ನಂತಹ ಸಾಲದ ವರದಿ ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ಮಾಡದ ಸಾಲ ಅದರಲ್ಲಿದ್ದರೆ ಆಗಲೇ ಗೊತ್ತಾಗುತ್ತದೆ. ಆಧಾರಿನ ಬೆರಳಚ್ಚನ್ನು ಎಂಆಧಾರ್ ಆ್ಯಪಿನಲ್ಲಿ ಲಾಕ್ ಮಾಡಬಹುದು, ಬೇಕಾದಾಗ ತೆಗೆಯಬಹುದು. ಕಳೆದ ವರ್ಷ ಹೀಗೆ ನೋಡುವಾಗ ಗಾರ್ಬಲಿನ ಒಬ್ಬಳ ಹೆಸರಿನಲ್ಲಿ ಅವಳಿಗೆ ಗೊತ್ತಿಲ್ಲದ ಎರಡು ಸಿಮ್ ಇತ್ತು.

ಆಗಿಯೇ ಹೋದರೆ ತಡ ಮಾಡಬೇಡಿ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ನಮ್ಮ ತಪ್ಪಿಲ್ಲದೆ ಹೊರಗಿನವರಿಂದ ಆದ ಮೋಸವನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಮ್ಮ ಮೇಲೆ ಬೀಳುವುದಿಲ್ಲ. ಇನ್ನೊಬ್ಬರ ಗುರುತನ್ನು ಕದ್ದು ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾನೂನಿನ 66ಸಿ ಸೆಕ್ಷನ್ ಇದೆ, ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ದೂರು ಬರೆಯುವಾಗ ಗೊತ್ತಿಲ್ಲದ ಭಾಷೆಯಲ್ಲಿ ಬೇರೆಯವರು ಬರೆದದ್ದಕ್ಕೆ ಸಹಿ ಹಾಕಬೇಡಿ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡಿಗರಿಗೆ ಸರ್ಕಾರದ ಜೊತೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ನಾವು ಕನ್ನಡದಲ್ಲಿ ಬರೆದು, ಮಲಯಾಳ ಅನುವಾದ ಜೊತೆಗಿಟ್ಟೆವು. ನೋಟೀಸಿಗೆ ಉತ್ತರ, ಪೊಲೀಸ್ ದೂರಿನ ಪ್ರತಿ, ನಮ್ಮ ಲೋಡಿಂಗಿನವನು ಆ ದಿನಗಳಲ್ಲಿ ಇಲ್ಲೇ ದುಡಿಯುತ್ತಿದ್ದ ಎಂಬುದಕ್ಕೆ ನಮ್ಮ ಹಾಜರಿ ಪುಸ್ತಕ. ಎಂಟು ತಿಂಗಳು ಓಡಾಡಿದ ಮೇಲೆ ಆ ನೋಂದಣಿ ರದ್ದಾಯಿತು. ಓಡಾಟದ ಖರ್ಚು, ಅವನ ಆ ದಿನಗಳ ಕೂಲಿ ನಾನೇ ಕೊಟ್ಟೆ. ಕಾಗದ ಹೋದದ್ದು ನನ್ನ ಡ್ರಾವರಿನಿಂದ.

ಕೊನೆಯದಾಗಿ, ಕೆಲಸ ಬಿಟ್ಟು ಹೋಗುವವರ ಕಾಗದ. ಕಾನೂನಿಗೆ ಬೇಕಾದ ಹಾಜರಿ, ಸಂಬಳದ ಲೆಕ್ಕ ಮಾತ್ರ ಇಟ್ಟುಕೊಂಡು ಉಳಿದ ಪ್ರತಿಗಳನ್ನು ಅವರ ಕೈಗೇ ಕೊಡಿ, ಪುಸ್ತಕದಲ್ಲಿ ಸಹಿ ಹಾಕಿಸಿ. ಈ ಕ್ರಮ ಶುರು ಮಾಡಿದಾಗ ಹಳೆಯ ಫೈಲುಗಳಲ್ಲಿ ಆ ಗಾರ್ಬಲಿನ ಹೆಂಗಸಿನದ್ದೂ ಸಿಕ್ಕಿತು. ನೀರ್ಚಾಲಿನ ಹತ್ತಿರ ಅವಳ ಮನೆಗೆ ನಾನೇ ಹೋದೆ. ತಪ್ಪಾಯಿತು ಅಂದೆ. ಬೆಲ್ಲ, ನೀರು ತಂದಿಟ್ಟಳು. ಕೆಲಸಕ್ಕೆ ಬರುತ್ತೀಯಾ ಎಂದು ಕೇಳಿದ್ದಕ್ಕೆ ಇಲ್ಲ ಅಂದಳು. ಆಧಾರಿನ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ, ಒಳಗೆ ಹೋಗಿ, ಕಪಾಟಿನಲ್ಲಿಟ್ಟು ಬೀಗ ಹಾಕಿ ಬಂದಳು. ಆಮೇಲೆ ಪುಸ್ತಕ ಕೇಳಿ ತೆಗೆದುಕೊಂಡು ಸಹಿ ಹಾಕಿದಳು.